ದವಾಖಾನೆಗೆ ಮನೆ ನೋಡಲು ಬಂದವರು

ಸಂಜೆ ಐದು ಹೊಡೆದ ಮೇಲೆ ನಾನು ಯಾವ ಹಳ್ಳಿಯಲ್ಲೂ ನಿಲ್ಲುವವನಲ್ಲ. ಹುಟ್ಟಿ ಬೆಳೆದದ್ದು ಕಲಬುರಗಿಯ ಪೇಟೆಯ ನಡುವೆ. ಓಣಿಗೊಂದು ದೀಪ, ಪಕ್ಕದ ಮನೆಯ ಟಿವಿ ಸದ್ದು ಇಲ್ಲದ ಕಡೆ ಕತ್ತಲಾದರೆ ನನ್ನ ಎದೆ ಡವಗುಟ್ಟುತ್ತದೆ. ಕೆಲಸ ಮಾತ್ರ ಹಳ್ಳಿಗಳಲ್ಲೇ. ಒಂದು ಕಣ್ಣಿನ ದವಾಖಾನೆಯಲ್ಲಿ ನಾನು ನೇತ್ರ ಸಹಾಯಕ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಶಿಬಿರ ಹಾಕಿ, ಪೊರೆ ಬಂದವರನ್ನು ಹುಡುಕಿ, ಆಪರೇಷನ್ನಿಗೆ ಪಟ್ಟಿ ಮಾಡಬೇಕು. ಹೋಗುವಾಗ ಮನೆಯ ನೀರಿನ ಎರಡು ಬಾಟಲಿ, ಬುತ್ತಿ, ಹಾವಿನ ಭಯಕ್ಕೆ ಮೊಣಕಾಲುದ್ದದ ರಬ್ಬರ್ ಬೂಟು. ಆ ಬೂಟು ಕಂಡು ಜೇವರ್ಗಿ ಕಡೆಯ ಮುದುಕನೊಬ್ಬ, "ಕಾಲಿಗೆ ಏನಾಗ್ಯದ್ರಿ ಸರ್, ಪಾಪ," ಎಂದು ಕನಿಕರಪಟ್ಟಿದ್ದ. ನಾನು ಬೂಟು ಬಿಡಲಿಲ್ಲ.

ಈಗ ಹೇಳುತ್ತಿರುವುದು ಆಳಂದ ತಾಲೂಕಿನಲ್ಲಿ, ಭೂಸನೂರಿನ ಆಚೆಯ ಒಂದು ಊರಿನಲ್ಲಿ ನಡೆದದ್ದು. ಕಬ್ಬು ಕಡಿಯುವ ದಿನಗಳು. ಹಿಂದಿನ ವಾರ ಯಾರೋ ಒಂದು ವಿಡಿಯೋ ಕಳಿಸಿದ್ದರು, ಕಬ್ಬಿನ ಹೊಲದ ಬದುವಿನ ಮೇಲೆ ಚಿರತೆ. ಯಾವ ಊರು, ಯಾವ ರಾಜ್ಯ, ಒಂದೂ ಗೊತ್ತಿಲ್ಲ. ನಾನೂ ವ್ಯಾನಿನ ಡ್ರೈವರನೂ ಚಹಾಕ್ಕೆ ನಿಂತಾಗಲೆಲ್ಲ ಅದನ್ನೇ ನೋಡಿ, ಐದರೊಳಗೆ ಆ ಊರು ಬಿಡಲೇಬೇಕೆಂದು ಮಾತಾಡಿಕೊಂಡೆವು. ಅಂಜುವವರ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ನಮ್ಮ ಮೇಲೆ ಮೊಬೈಲೇ ದಿನಕ್ಕೊಂದು ಕಪ್ಪೆ ಎಸೆಯುತ್ತದೆ.

ಶಿಬಿರ ಇದ್ದದ್ದು ಬುದ್ಧವಿಹಾರದ ಪಕ್ಕದ ಸಮುದಾಯ ಭವನದಲ್ಲಿ. ಊರಿನ ಆಶಾ ಕಾರ್ಯಕರ್ತೆ ಮನೆಮನೆ ತಿರುಗಿ ಜನರನ್ನು ಸೇರಿಸಿದ್ದಳು. ಸೇರಿದವರೇನೂ ನಮ್ಮನ್ನು ನಂಬಿ ಬಂದಿರಲಿಲ್ಲ. "ಕಣ್ಣಿಗೆ ಆಧಾರ ಕಾರ್ಡ ಯಾಕ ಬೇಕ್ರಿ?" ಎಂದು ಒಬ್ಬ. "ಹೆಸರ ಬರಕೊಂಡ ಮ್ಯಾಲ ಬರಲಿಲ್ಲಂದ್ರ ಎಳಕೊಂಡ ಹೋಗ್ತೀರೇನು?" ಎಂದು ಇನ್ನೊಬ್ಬಳು. ಬಡವರ ಕಣ್ಣು ತೆಗೆದು ಸಾಹುಕಾರರಿಗೆ ಹಚ್ಚುತ್ತಾರೆ, ಕಣ್ಣಿನ ನೆವದಲ್ಲಿ ಕಿಡ್ನಿ ತೆಗೆಯುತ್ತಾರೆ ಎಂಬ ಮಾತು ಸಾಲಿನಲ್ಲಿ ಹಿಂದಿನಿಂದ ಮುಂದಕ್ಕೆ ಬರುವುದು ನನ್ನ ಕಿವಿಗೂ ಬೀಳುತ್ತಿತ್ತು. ನಾನು ಅವರು ಕೊಟ್ಟ ನೀರು ಮುಟ್ಟಿರಲಿಲ್ಲ, ಅವರು ನನ್ನ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಲೆಕ್ಕ ಸರಿಯಾಗೇ ಇತ್ತು.

ನಮ್ಮ ಕೆಲಸಕ್ಕೊಂದು ಕ್ರಮ ಇದೆ. ಮೊದಲು ಗೋಡೆಗೆ ತೂಗುಹಾಕಿದ ಹಾಳೆ ಓದಿಸುವುದು. ಅಕ್ಷರ ಬಾರದವರಿಗೆ ಮೂರು ಕಾಲಿನ ಗುರುತು ಇರುತ್ತದೆ, ಕಾಲು ಯಾವ ಕಡೆ ಇವೆಯೆಂದು ಅವರು ಕೈಯಿಂದ ತೋರಿಸಬೇಕು. ಆಮೇಲೆ ಬ್ಯಾಟರಿ, ಅಂದರೆ ಜೇಬಿನ ಪುಟ್ಟ ಟಾರ್ಚು. ಕಿವಿಯ ಕಡೆಯಿಂದ ಕಣ್ಣಿಗೆ ಅಡ್ಡವಾಗಿ ಬೆಳಕು ಬಿಟ್ಟರೆ ಕಣ್ಣಿನ ಬಣ್ಣದ ಪರದೆ ಪೂರ್ತಿ ಬೆಳಗಬೇಕು. ಮೂಗಿನ ಕಡೆ ಅರ್ಧ ನೆರಳು ಬಿದ್ದರೆ ಒಳಗೆ ಜಾಗ ಇಕ್ಕಟ್ಟು ಎಂದರ್ಥ. ಕಣ್ಣಿನೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಒಂದು ಮೂಲೆಯಿಂದ ಬಸಿದು ಹೋಗುತ್ತಲೇ ಇರುತ್ತದೆ. ಜಾಗ ಇಕ್ಕಟ್ಟಾದವರಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಪರದೆ ಮುದುಡಿ ಆ ಮೂಲೆ ಮುಚ್ಚಿಕೊಳ್ಳಬಹುದು. ನೀರು ಒಳಗೇ ನಿಂತು ಒತ್ತಡ ಏರುತ್ತದೆ. ಒಂದೆರಡು ದಿನ ಹಾಗೇ ಬಿಟ್ಟರೆ ಕಣ್ಣು ಹೋದಂತೆಯೇ. ಅದಕ್ಕೇ ಬ್ಯಾಟರಿ ಹಿಡಿಯದೆ ಹನಿ ಹಾಕಬಾರದು. ಕಲಿಕೆಯ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಇದು.

ನಾಲ್ಕು ಗಂಟೆಗೆ ಇನ್ನೂ ಆರು ಜನ ಉಳಿದಿದ್ದರು. ಹನಿ ಹಾಕಿದ ಮೇಲೆ ಪಾಪೆ ಹಿಗ್ಗಲು ಅರ್ಧ ಮುಕ್ಕಾಲು ಗಂಟೆ ಬೇಕು. ಹೊರಗೆ ಡ್ರೈವರ್ ಹಾರ್ನ್ ಒತ್ತಿದ. ಕಿಟಕಿಯಾಚೆ ಕಬ್ಬು ಆಳೆತ್ತರ ನಿಂತಿತ್ತು. ಆ ಆರೂ ಜನಕ್ಕೆ ನಾನು ಬ್ಯಾಟರಿ ಹಿಡಿಯಲಿಲ್ಲ. ಒಬ್ಬರಿಗೆ ಅರ್ಧ ನಿಮಿಷದಂತೆ ಒಟ್ಟು ಮೂರು ನಿಮಿಷ ಉಳಿಸಿದೆ.

ಆರರಲ್ಲಿ ಕೊನೆಯವಳು ಒಬ್ಬ ಮುದುಕಿ, ಊರವರ ಬಾಯಲ್ಲಿ ಆಯಿ. ಬಲಗಣ್ಣು ಮಂಜು ಎಂದಳು, ಬಲಗಣ್ಣಿಗೆ ಹನಿ ಹಾಕಿದೆ. ಪೊರೆ ಇನ್ನೂ ಎಳೆಯದು, ಮುಂದಿನ ವರ್ಷ ನೋಡೋಣ ಎಂದು ಹೇಳಿ ಕಳಿಸಿದೆ. ಐದಕ್ಕೆ ಹತ್ತು ನಿಮಿಷ ಇರುವಾಗಲೇ ನಮ್ಮ ವ್ಯಾನು ಊರು ದಾಟಿತ್ತು.

ಮರುದಿನ ಬೆಳಿಗ್ಗೆ ಆರೂವರೆಗೆ ಆಶಾ ಕಾರ್ಯಕರ್ತೆಯ ಫೋನು. "ಸರ್, ನಿನ್ನೆ ಕಡೀಕ ನೋಡಿದ್ರಲ್ಲ, ಆ ಆಯಿ ಕಣ್ಣ ಕೆಂಡ ಆಗ್ಯದ್ರಿ. ರಾತ್ರಿಯಿಂದ ತಲಿ ಹಿಡಕೊಂಡ ಒದ್ದಾಡಾಕತ್ತಾಳ, ನಾಕ ಸಲ ವಾಂತಿ ಆಗ್ಯಾವ. ದೀಪದ ಸುತ್ತ ಬಣ್ಣ ಕಾಣತಾವ ಅಂತಾಳ."

ಏನಾಗಿದೆಯೆಂದು ಕೇಳುವ ಅಗತ್ಯವೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತಾನಾಗಿಯೇ ಅಂಗಿಯ ಜೇಬಿನಲ್ಲಿದ್ದ ಬ್ಯಾಟರಿ ಮುಟ್ಟಿತು. ನಮ್ಮ ದವಾಖಾನೆಯ ಡಾಕ್ಟರ್ ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ, ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. "ಒತ್ತಡ ಇಳಿಸೋ ಮಾತ್ರೆ, ಹನಿ ತಗೊಂಡು ನೀವೇ ಹೋಗಿ. ಸಲ್ಫಾ ಮಾತ್ರೆ ಆಗಿಬರಲ್ವಾ, ಕಿಡ್ನಿ ತೊಂದರೆ ಇದೆಯಾ ಅಂತ ಮೊದಲು ಕೇಳಿ. ಸಂಜೆಯೊಳಗೆ ಅವರು ಇಲ್ಲಿರಬೇಕು, ಲೇಸರ್ ಮಾಡಬೇಕು. ನಾಳೆ ಅಂದರೆ ನಾನೇನೂ ಹೇಳಲಾರೆ."

ಮಾತ್ರೆ ತೆಗೆದುಕೊಳ್ಳುವಾಗ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಮೂಲೆಗೆ ಕರೆದರು. "ಒಬ್ಬನ ಹೋಗಬ್ಯಾಡ. ಹಳ್ಳಿ ಮಂದಿ, ಕಟ್ಟಿಹಾಕಿ ಬಡೀತಾರ. ಹೋದ್ರೂ ಹನಿ ಸುದ್ದಿ ಎತ್ತಬ್ಯಾಡ. ವಯಸ್ಸಾದವರಿಗೆ ಬರೋ ಬ್ಯಾನಿ ಅಂತ ಹೇಳು. ಬಾಯಿ ಬಿಟ್ಟರೆ ಬಣ್ಣಗೇಡು." ವ್ಯಾನು ಬೇರೆ ಶಿಬಿರಕ್ಕೆ ಹೋಗಿತ್ತು. ನನ್ನ ಮೋಟರ್ ಸೈಕಲ್ ಹತ್ತಿದೆ. ಆಳಂದ ದಾಟಿದ ಮೇಲೆ ಎರಡೂ ಕಡೆ ಕಬ್ಬು, ನಡುವೆ ಟ್ರಾಕ್ಟರಿನ ಧೂಳು. ಚಿರತೆ ಇರಲಿ, ಆ ಹೊತ್ತು ಕಬ್ಬೇ ನನ್ನ ಕಣ್ಣಿಗೆ ಬೀಳಲಿಲ್ಲ. ಬಡಿಯುವ ಮಂದಿಯೇ ತಲೆತುಂಬ.

ಆಯಿಯ ಮನೆಯ ಅಂಗಳದಲ್ಲಿ ಹದಿನೈದು ಜನ ನಿಂತಿದ್ದರು. ಒಬ್ಬರೂ "ಬರ್ರಿ" ಅನ್ನಲಿಲ್ಲ. ಬಾಗಿಲಲ್ಲಿ ಆಯಿಯ ಮಗ, ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ. ಅದರ ಬಾಯಿ ಹೊಳೆಯುತ್ತಿತ್ತು. ಗಾಡಿಯನ್ನು ಊರ ಹೊರಗಿನ ದಾರಿಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಇಂಥ ಜಾಣತನಕ್ಕೆ ನನ್ನಲ್ಲಿ ಎಂದೂ ಕೊರತೆಯಿಲ್ಲ.

ಒಳಗೆ ಆಯಿ ಗೋಡೆಗೆ ಹಣೆ ಒತ್ತಿಕೊಂಡು ಕೂತಿದ್ದಳು. ಬಲಗಣ್ಣು ಕೆಂಪು, ಕರಿಗುಡ್ಡೆಯ ಮೇಲೆ ಹಬೆ ಕೂತ ಕನ್ನಡಿಯಂಥ ಮಬ್ಬು. ರೆಪ್ಪೆಯ ಮೇಲಿಂದ ಎರಡು ಬೆರಳಿಟ್ಟು ಒತ್ತಿದೆ. ಎಡಗಣ್ಣು ಮೆತ್ತಗೆ, ಬಲಗಣ್ಣು ಗೋಲಿಯ ಹಾಗೆ ಗಟ್ಟಿ. ಮೇಡಂ ಹೇಳಿದ್ದನ್ನೆಲ್ಲ ಕೇಳಿ ಎರಡು ಮಾತ್ರೆ ಕೊಟ್ಟೆ. ಐದು ನಿಮಿಷಕ್ಕೆ ವಾಂತಿಯಾಯಿತು. ವಾಂತಿ ನಿಲ್ಲುವ ಮಾತ್ರೆಯನ್ನು ನಾಲಿಗೆ ಕೆಳಗಿಟ್ಟು, ಕಾದು, ಮತ್ತೆ ಕೊಟ್ಟೆ. ಈ ಸಲ ನಿಂತಿತು. ಆಗಲೇ ಹತ್ತೂಕಾಲು.

"ಕಲಬುರ್ಗಿಗೆ ಕರ್ಕೊಂಡ ಹೋಗಬೇಕ್ರಿ, ಈಗಿಂದೀಗ," ಎಂದೆ.

ಆಯಿಯ ತಲೆ ಹಿಡಿದುಕೊಂಡಿದ್ದ ಅವಳ ಅಕ್ಕ ಮುಖ ಎತ್ತಿದಳು. ಊರೆಲ್ಲ ಆಕೆಯನ್ನು ದೊಡ್ಡಾಯಿ ಅನ್ನುತ್ತದೆ. "ಯಾಕ? ಅಲ್ಲಿ ಒಳಗ ಕರ್ಕೊಂಡ ಬಾಗಲ ಹಾಕೋತೀರಿ. ನಮ್ಮನ್ನ ಹೊರಗ ನಿಂದರಸ್ತೀರಿ. ಒಳಗ ಏನ ತಗೀತೀರೋ, ಏನ ಇಡ್ತೀರೋ, ನಮಗ ಹ್ಯಾಂಗ ಗೊತ್ತಾಗಬೇಕು?"

ಮಗ ಕೊಯ್ತಾ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ನಿನ್ನಿ ತನಕ ಅವ್ವ ಛಲೋ ಇದ್ಲು. ನೀವ ದವಾ ಹಾಕಿದ ಮ್ಯಾಲ ಹಿಂಗಾತು. ಈಗ ನಿಮ್ಮ ದವಾಖಾನಿಗೇ ಬಾ ಅಂತೀರಿ. ಇದೇನ ಧಂದಾ ಏನ್ರಿ?"

ಅವನ ಮಾತಿನಲ್ಲಿ ತಪ್ಪೇನಿತ್ತು? ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಆದರೂ ನನ್ನ ಬಾಯಿ, "ವಯಸ್ಸಾದವರಿಗೆ ಇದು ಹಂಗ ಬರತದ್ರಿ..." ಎಂದು ಶುರು ಮಾಡಿತು. ಆಶಾ ಕಾರ್ಯಕರ್ತೆ ನನ್ನನ್ನೇ ನೋಡುತ್ತಿದ್ದಳು. ನಾಳೆಯೂ ನಾಳಿದ್ದೂ ಈ ಊರಲ್ಲೇ ಇರಬೇಕಾದವಳು ಅವಳು. ಗೋಡೆಯ ಕಡೆಯಿಂದ ಆಯಿ ಒಮ್ಮೆ ನರಳಿದಳು. ಆ ಸುಳ್ಳನ್ನು ಮುಗಿಸಲು ನನ್ನಿಂದ ಆಗಲಿಲ್ಲ.

ಬ್ಯಾಟರಿ ತೆಗೆದೆ. ಆಶಾ ಕಾರ್ಯಕರ್ತೆಯನ್ನು ಕೂರಿಸಿ ಅವಳ ಕಣ್ಣಿಗೆ ಪಕ್ಕದಿಂದ ಬೆಳಕು ಬಿಟ್ಟು ಮಗನನ್ನು ಕರೆದೆ. "ನೋಡ್ರಿ, ಪೂರಾ ಬೆಳಗತದ." ಬಲಗಣ್ಣು ಮಬ್ಬಾಗಿತ್ತು, ಅದಕ್ಕೇ ಅದರ ಜೋಡಿಯಾದ ಆಯಿಯ ಎಡಗಣ್ಣಿಗೆ ಹಾಗೇ ಹಿಡಿದೆ. ಅರ್ಧ ಬೆಳಕು, ಅರ್ಧ ನೆರಳು. ಅವನಿಗೂ ಕಂಡಿತು, ಹಿಂದೆ ಬಗ್ಗಿ ನೋಡಿದ ದೊಡ್ಡಾಯಿಗೂ ಕಂಡಿತು. "ಇಂಥಾ ಕಣ್ಣಿಗೆ ಆ ಹನಿ ಹಾಕಬಾರದು. ಹಾಕೋಕಿಂತ ಮೊದಲ ಇದನ್ನ ನೋಡಬೇಕು. ನಿನ್ನಿ ನಾ ನೋಡಲಿಲ್ಲ. ತಪ್ಪ ನಂದು."

"ಯಾಕ ನೋಡಲಿಲ್ಲ?" ಎಂದಳು ದೊಡ್ಡಾಯಿ.

"ಹೊತ್ತಾಗತದ ಅಂತ. ಕಬ್ಬಿನಾಗ ಚಿರತಿ ಅದ ಅಂತ ಅಂಜಿದ್ದೆ."

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಮಗ ನಗಲಿಲ್ಲ. "ಅದೇ ಕಬ್ಬಿನಾಗ ನಾನೂ ನನ್ನ ಹೇಂತಿ ದಿನಾ ನಸಕಿನಾಗ ಇಳೀತೇವಿ," ಎಂದ. ಕೊಯ್ತಾವನ್ನು ಸೂರಿಗೆ ಸಿಕ್ಕಿಸಿದ. ಅದರ ಹಿಡಿಯ ತುಂಬ ಕಬ್ಬಿನ ರವದಿ, ಒಣಗರಿ ಅಂಟಿತ್ತು. ಕಡಿಯುತ್ತಿದ್ದವನು ಸುದ್ದಿ ಕೇಳಿ ಹಾಗೇ ಓಡಿ ಬಂದಿದ್ದನೆಂದು ನನಗೆ ಆಗ ತಿಳಿಯಿತು. ನಾಚಿಕೆಯಾಯಿತು.

ದೊಡ್ಡಾಯಿ ಸೆರಗಿನಿಂದ ತಂಗಿಯ ಹಣೆ ಒರೆಸಿದಳು. ಆಮೇಲೆ ಹೇಳಿದಳು, "ಹೆಣ್ಣ ಕೊಡೋದಿದ್ರ ಮೊದಲ ಮನಿ ನೋಡ್ತೇವಿ. ನೀರ ಎಲ್ಲಿಂದ ತರ್ತಾರ, ಅಡಗಿಮನಿ ಹ್ಯಾಂಗ ಅದ, ಬಾಜೂಕಿನವರು ಏನಂತಾರ, ಎಲ್ಲಾ ಕೇಳ್ತೇವಿ. ಈಕಿ ನನ್ನ ತಂಗಿ. ನೋಡಲಾರದ ಹ್ಯಾಂಗ ಕಳಸಲಿ? ಮನಿ ನೋಡಿ ಬಂದ ಹೇಳ್ತೇನಿ."

ಹೋಗಿ ನೋಡಿ ಬಂದು ಹೇಳಿ ಮತ್ತೆ ಹೋಗುವಷ್ಟರಲ್ಲಿ ಕಣ್ಣು ಮುಗಿದಿರುತ್ತಿತ್ತು. "ನೋಡ್ರಿ, ಬ್ಯಾಡ ಅನ್ನಂಗಿಲ್ಲ," ಎಂದೆ. "ಆದರ ಆಯಿನ್ನ ಕರ್ಕೊಂಡೇ ನೋಡ್ರಿ. ಮನಸಿಗೆ ಬರಲಿಲ್ಲ ಅಂದ್ರ ನಾನ ಗಾಡಿ ಮಾಡಿ ವಾಪಸ್ ಕಳಸ್ತೇನಿ. ಲೇಸರ್ ಮಾಡೋ ಕ್ವಾಣಿಯೊಳಗ ನಿಮ್ಮವರೊಬ್ಬರು ಇರ್ರಿ." ಕೊನೆಯ ಮಾತು ಕೊಡಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಮಗ ಒಪ್ಪಿದ, ಒಂದು ಷರತ್ತಿನ ಮೇಲೆ: "ನಿಮ್ಮ ಮೋಟರ್ ಸೈಕಲ್ ಇಲ್ಲೇ ಇರಲಿ." ಚಾವಿ ಅವನ ಜೇಬಿಗೆ ಹೋಯಿತು. ಊರಿನದೇ ಒಂದು ಕ್ರೂಸರ್ ಜೀಪಿನಲ್ಲಿ, ಆಯಿಯ ಸುತ್ತ ಕೂತ ಏಳು ಜನರ ನಡುವೆ, ಒತ್ತೆಯಾಳಿನಂತೆ ನಾನೂ ಕೂತೆ.

ಕಲಬುರಗಿಯಲ್ಲಿ ಇಳಿದು ರಸ್ತೆ ದಾಟಬೇಕಿತ್ತು. ಅಷ್ಟು ಹೊತ್ತು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದ ದೊಡ್ಡಾಯಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಕೈ ಬೆವತಿತ್ತು. ಬಸ್ಸು, ಆಟೊ, ಬೈಕು ನೋಡುತ್ತ, "ಕಬ್ಬಿನಾಗ ಚಿರತಿ ಇದ್ರ ಒಂದ ಇದ್ದೀತು. ಇಲ್ಲಿ ಎಷ್ಟ ಅದಾವ ನೋಡು. ಇದರಾಗ ಹ್ಯಾಂಗ ಬದಕ್ತೀರೋ ಯಪ್ಪಾ," ಎಂದಳು. ನಾನು ನಡುವೆ ಕೈ ಅಡ್ಡ ಹಿಡಿದು ದಾಟಿಸಿದೆ.

ಒಳಗೆ ಒತ್ತಡ ಅಳೆದರು. ಇಪ್ಪತ್ತೊಂದರೊಳಗೆ ಇರಬೇಕಾದದ್ದು ಐವತ್ತರ ಮೇಲಿತ್ತು. ಮೇಡಂ ಸಲೈನಿನಂತೆ ಇಳಿಸುವ ಔಷಧ ಹಚ್ಚಿಸಿದರು. ಕರಿಗುಡ್ಡೆಯ ಮಬ್ಬು ತಿಳಿಯಾದರೆ ಮಾತ್ರ ಲೇಸರಿನ ಬೆಳಕು ಒಳಗೆ ತಲುಪುತ್ತದೆ. ಎರಡು ಮೂರು ಗಂಟೆ ಕಾಯಬೇಕು.

ಆ ಹೊತ್ತಿನಲ್ಲಿ ಮನೆ ನೋಡುವ ಕೆಲಸ ನಡೆಯಿತು. ದೊಡ್ಡಾಯಿ ನೀರಿನ ಟಾಕಿಯ ಮುಚ್ಚಳ ತೆಗೆಸಿದಳು. ಅಡುಗೆಮನೆಗೆ ಹೋಗಿ ಬೇಳೆಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿದಳು. ವಾರ್ಡಿನಲ್ಲಿ ಪಟ್ಟಿ ಕಟ್ಟಿಕೊಂಡು ಮಲಗಿದ್ದವರ ಊರು ಕೇಳಿ, ತಮ್ಮ ತಾಲೂಕಿನದೇ ಕಿಣ್ಣಿ ಸುಲ್ತಾನ ಊರಿನ ಒಬ್ಬಾಕೆ ಸಿಕ್ಕಾಗ ಅವಳ ಪಕ್ಕ ಕೂತು ಪಿಸುಮಾತಾಡಿದಳು. ಮಗನನ್ನು ಹೊರಗಿನ ಚಹಾದಂಗಡಿಗೆ ಕಳಿಸಿದ್ದಳು. ವರನ ಮನೆಯ ಪಕ್ಕದವರನ್ನು ಗುಟ್ಟಾಗಿ ವಿಚಾರಿಸುತ್ತಾರಲ್ಲ, ಹಾಗೆ. ನರ್ಸುಗಳು ಮುಖ ಗಂಟಿಕ್ಕಿದರು. "ಇವರೇನು ಕದಿಯೋಕೆ ಬಂದಾರಾ?" ಎಂದು ಒಬ್ಬಳು ನನ್ನ ಕಿವಿಯಲ್ಲಿ ಕೇಳಿದಳು. ಎಲ್ಲ ಕಡೆಯೂ ಒಂದೇ ಕಾಯಿಲೆ.

ಮೂರು ಗಂಟೆಗೆ ಮೇಡಂ ಕಣ್ಣು ನೋಡಿ, "ತಿಳಿಯಾಗಿದೆ, ಕರೆದುಕೊಂಡು ಬನ್ನಿ," ಎಂದರು. ಆಯಿಯನ್ನು ಎಬ್ಬಿಸಲು ಹೋದರೆ ಮನೆಯವರು ಅಲ್ಲಿರಲಿಲ್ಲ. ಪಡಸಾಲೆಯ ತುದಿಯಲ್ಲಿ ಬೀಗ ಹಾಕಿದ ಒಂದು ಬಾಗಿಲ ಮುಂದೆ ಏಳೂ ಜನ ನಿಂತಿದ್ದರು.

"ಇದರಾಗ ಏನದ?" ಎಂದಳು ದೊಡ್ಡಾಯಿ.

"ಸಾಮಾನಿನ ಕ್ವಾಣಿ."

"ತಗೀರಿ."

ಚಾವಿ ಸ್ಟೋರಿನವನ ಹತ್ತಿರ. ಅವನು ಊಟಕ್ಕೆ ಹೋದವನು ಫೋನು ಎತ್ತುತ್ತಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಾನು ಒಳಗಿನ ಪೊರಕೆ, ಡಬ್ಬಿಗಳನ್ನೆಲ್ಲ ಬಾಯಲ್ಲಿ ವರ್ಣಿಸಿದೆ. ವರ್ಣಿಸಿದಷ್ಟೂ ಅವರ ಮುಖ ಬಿಗಿಯಾಯಿತು. ಮಗ ಬಾಗಿಲಿಗೆ ಕಿವಿ ಹಚ್ಚಿ ಕೇಳಿದ. "ಎಲ್ಲಾ ತೋರಸ್ತಾರ, ಇದೊಂದ ತೋರಸಂಗಿಲ್ಲ," ಎಂದ. ಮೇಡಂ ಎರಡು ಸಲ ಕರೆ ಕಳಿಸಿದರು. ಔಷಧದ ಬಲ ಇಳಿದರೆ ಒತ್ತಡ ಮತ್ತೆ ಏರುತ್ತದೆ. ನನಗೆ ಸಿಟ್ಟು ನೆತ್ತಿಗೇರಿತು, ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಹೊರಗೆ ಹೋಗಿ, ತೋಟದ ಅಂಚಿಗೆ ಇಟ್ಟಿದ್ದ ಒಂದು ಕಲ್ಲು ತಂದು, ಯಾರನ್ನೂ ಕೇಳದೆ, ಆ ಬೀಗವನ್ನು ನಾಲ್ಕೇಟಿಗೆ ಒಡೆದೆ.

ಒಳಗೆ ಮುರಿದ ಕುರ್ಚಿಗಳು, ಪೊರಕೆ, ಫಿನೈಲ್ ಕ್ಯಾನು, ಹಳೆ ಕನ್ನಡಕದ ಚೌಕಟ್ಟುಗಳ ಡಬ್ಬಿ, ಒಗೆಯಲು ಕಟ್ಟಿಟ್ಟ ಚಾದರಗಳ ಗಂಟು. ದೊಡ್ಡಾಯಿ ಗಂಟಿನೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿದಳು. ಕೈ ಒರೆಸಿಕೊಂಡು, "ನಡೀರಿ," ಎಂದಳು.

ಲೇಸರ್ ಕೋಣೆಗೆ ಒಬ್ಬರನ್ನು ಬಿಡಿ ಎಂದು ನಾನು ಮೇಡಂ ಅವರ ಕೈಕಾಲು ಹಿಡಿಯುವುದೊಂದೇ ಬಾಕಿ. ಅವರು ಬೀಗ ಒಡೆದ ಸದ್ದು ಕೇಳಿದ್ದರು. "ಒಬ್ಬರೇ. ಕನ್ನಡಕ ಹಾಕಿಸಿ," ಎಂದರು. ಕಣ್ಣಿಗೆ ಕಾಪಿನ ದೊಡ್ಡ ಕನ್ನಡಕ ಹಾಕಿಕೊಂಡು ದೊಡ್ಡಾಯಿ ಸ್ಟೂಲಿನ ಮೇಲೆ ಕೂತಳು. ಬೆಳಕು ಬರುತ್ತದೆ, ಬಾಗಿಲು ಮುಚ್ಚಬೇಕು ಎಂದಾಗ ತಾನೇ ಎದ್ದು ಮುಚ್ಚಿದಳು. ನಾನು ಆಯಿಯ ತಲೆಯನ್ನು ಯಂತ್ರದ ಪಟ್ಟಿಗೆ ಒತ್ತಿ ಹಿಡಿದೆ. ಕಣ್ಣಿನ ಮೇಲೆ ಪುಟ್ಟ ಮಸೂರ ಕೂರಿಸಿ ಮೇಡಂ ಕಾಲಲ್ಲಿ ಗುಂಡಿ ಒತ್ತಿದರು. ಚಟ್, ಚಟ್ ಎಂಬ ಸಣ್ಣ ಸದ್ದು. ಬಣ್ಣದ ಪರದೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳಬೇಕು, ಹಿಂದೆ ನಿಂತ ನೀರಿಗೆ ದಾರಿ ಆಗಬೇಕು. ಹದಿನಾರೋ ಹದಿನೇಳೋ ಏಟಿಗೆ ಮೇಡಂ, "ಬಂತು, ನೀರು ನುಗ್ಗಿತು," ಎಂದರು. ಒಂದು ಗಂಟೆ ಬಿಟ್ಟು ಅಳೆದರೆ ಒತ್ತಡ ಹದಿನೆಂಟು.

ಹೊರಗೆ ಬಂದ ದೊಡ್ಡಾಯಿಯನ್ನು ಕೇಳಿದೆ, "ಮನಿ ಹ್ಯಾಂಗ ಅನಸ್ತು?"

"ಮನಿ ಛಲೋ ಅದ. ಸಂಡಾಸ ಜರಾ ಹೊಲಸ," ಎಂದಳು.

ಅಂದೇ ಕೂತು, ಬ್ಯಾಟರಿ ಹಿಡಿಯದೆ ಹನಿ ಹಾಕಿದ್ದನ್ನೂ ಬೀಗ ಒಡೆದದ್ದನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಯಾರೂ ದೂರು ಕೊಟ್ಟಿಲ್ಲವಲ್ಲ, ಯಾಕೆ ಬರೆಯುತ್ತೀರಿ ಎಂದು ಮೇಲಿನವರು ಕೇಳಿದರು. ಬ್ಯಾಟರಿ ಹಿಡಿಯದ ಉಳಿದ ಐವರನ್ನು ಮಾರನೇ ದಿನವೇ ಹೋಗಿ ನೋಡಿ ಬಂದೆ. ಎಲ್ಲರೂ ನೆಟ್ಟಗಿದ್ದರು. ನನ್ನ ಗಾಡಿ ವಾಪಸ್ ಸಿಕ್ಕಿತು. ನಾನು ಹೆದರಿದ ಒಂದೂ ಆ ಊರಿನಲ್ಲಿ ಇರಲಿಲ್ಲ, ಅವರು ಹೆದರಿದ ಒಂದೂ ನಮ್ಮ ದವಾಖಾನೆಯಲ್ಲಿ ಇರಲಿಲ್ಲ. ಆದರೂ ಒಂದು ಕಣ್ಣಿಗೆ ಪೆಟ್ಟಾಗಿತ್ತು.

ಎಷ್ಟು ಪೆಟ್ಟು ಎಂದು ಗೊತ್ತಾದದ್ದು ಮುಂದಿನ ವಾರ. ಆಯಿ ತಾನೇ ಹೇಳಿ ದಿನ ಗೊತ್ತು ಮಾಡಿಸಿಕೊಂಡು, ಮಗನ ಜೊತೆ ಬಸ್ಸಿನಲ್ಲಿ ಬಂದಳು. ಅವತ್ತು ಎಡಗಣ್ಣಿಗೂ ಲೇಸರ್ ಮಾಡಬೇಕಿತ್ತು. ಆ ಕಣ್ಣಿನಲ್ಲೂ ಅದೇ ಇಕ್ಕಟ್ಟು, ಇವತ್ತಲ್ಲ ನಾಳೆ ಅದೂ ಮುಚ್ಚಿಕೊಳ್ಳಬಹುದು. ಮೊದಲು ಬಲಗಣ್ಣಿನಿಂದ ಹಾಳೆ ಓದಿಸಿದೆ. ಮೂರು ಕಾಲಿನ ಗುರುತಿಗೆ ಬೆರಳು ತೋರಿಸುತ್ತ ಮೂರನೇ ಸಾಲಿನವರೆಗೆ ಬಂದಳು, ನಾಲ್ಕನೆಯದಕ್ಕೆ ಕೈ ಇಳಿಯಿತು. ಶಿಬಿರದ ದಿನ ಮಂಜಿನಲ್ಲೂ ಐದನೇ ಸಾಲು ಹೇಳಿದ್ದಳು. ಒತ್ತಡಕ್ಕೆ ಕಣ್ಣಿನ ನರ ಒಮ್ಮೆ ಒಣಗಿದರೆ ಮತ್ತೆ ಚಿಗುರುವುದಿಲ್ಲ.

"ಇದು ಇಷ್ಟೇ ಏನು?" ಎಂದಳು.

"ಇಷ್ಟೇ, ಆಯಿ. ಇದರ ಮ್ಯಾಲ ಬರಂಗಿಲ್ಲ."

ಅವಳು ತಲೆ ಆಡಿಸಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಸುತ್ತಲಿನ ನರ್ಸುಗಳನ್ನು, ಯಂತ್ರವನ್ನು, ಲೇಸರ್ ಕೋಣೆಯ ಬಾಗಿಲನ್ನು ತನ್ನ ಮನೆಯಲ್ಲಿ ಕೂತವಳಂತೆ ನಿರಾಳವಾಗಿ ನೋಡಿದಳು. ಲೇಸರಿಗೆ ಮೊದಲು ಹಾಕುವ, ಪಾಪೆ ಕುಗ್ಗಿಸುವ ಬೇರೆ ಹನಿಯ ಬಾಟಲಿ ಹಿಡಿದು ನಾನು ಅವಳ ಎಡಗಣ್ಣಿನ ರೆಪ್ಪೆಗೆ ಬೆರಳು ಹಚ್ಚಿದೆ. ಅವಳು ನನ್ನ ಕೈ ಮೆಲ್ಲಗೆ ಸರಿಸಿದಳು.

"ಇದನ್ನ ನೀವು ಮುಟ್ಟಬ್ಯಾಡ್ರಿ, ಯಪ್ಪಾ. ಇಲ್ಲಿ ಬ್ಯಾರೇದವರು ಅದಾರಲ್ಲ, ಅವರನ್ನ ಕರೀರಿ."

"ಆಗಲಿ, ಆಯಿ," ಎಂದೆ. ಬಾಟಲಿಯ ಮುಚ್ಚಳ ಹಾಕಿ ಬೇರೆಯವರನ್ನು ಕರೆದೆ.